ಇನ್ನೂರರ ಮೇಲೆ ಎರಡು

ಷಡಕ್ಷರಪ್ಪನವರನ್ನು ಕೆಲಸ ಬಿಡುವಂತೆ ಮಾಡಿದವನು ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಹಾಸನದ ಕೈಗಾರಿಕಾ ಪ್ರದೇಶದಲ್ಲಿ ಈ ಸಂಗತಿಯನ್ನು ತಲೆಗೊಂದು ಥರ ಹೇಳುವವರು ಇನ್ನೂ ಇದ್ದಾರೆ. ಕಂಪ್ಯೂಟರ್ ಬಂದು ಅವರ ಕೆಲಸ ಹೋಯಿತು ಎನ್ನುತ್ತಾರೆ ಕೆಲವರು. ಕಂಪ್ಯೂಟರಿಗೆ ಯಾರ ಮೇಲೂ ದ್ವೇಷವಿರಲಿಲ್ಲ. ಅದರ ಮುಂದೆ ಕೂತವನಿಗೆ ತಾನೇ ಸರಿ ಎಂಬ ಹಟವಿತ್ತು, ಅಷ್ಟೆ.

ನಮ್ಮದು ಸಣ್ಣ ಕಾರ್ಖಾನೆ. ಮಾಲೀಕರು ಅಮರನಾಥ್, ಅವರ ತಂದೆ ಶುರು ಮಾಡಿದ್ದು. ನಲವತ್ತಮೂರು ಜನ ಕೆಲಸಗಾರರು, ಮಾಡುತ್ತಿದ್ದದ್ದು ಒಂದೇ ಮಾಲು: ಬುಷ್. ಟ್ರ್ಯಾಕ್ಟರಿನ ಮುಂದಿನ ಅಚ್ಚಿನಲ್ಲಿ ಲೋಹ ಲೋಹಕ್ಕೆ ಉಜ್ಜದಂತೆ ನಡುವೆ ಕೂರಿಸುವ ಬಳೆ ಅದು; ಚಿಕ್ಕ ಮಗುವಿನ ಕೈಬಳೆಯಷ್ಟು ಅಗಲ, ನೂರೈವತ್ತು ಗ್ರಾಂ ತೂಕ. ಒಂದು ಟ್ರ್ಯಾಕ್ಟರಿಗೆ ನಾಲ್ಕು. ಕೊಳ್ಳುತ್ತಿದ್ದವರೂ ಒಬ್ಬರೇ, ಬೆಂಗಳೂರಿನ ತುಮಕೂರು ರಸ್ತೆಯ ಸುಮೇರು ಟ್ರ್ಯಾಕ್ಟರ್ಸ್. ಹದಿನೈದು ದಿನಕ್ಕೊಮ್ಮೆ ಆರು ಪೆಟ್ಟಿಗೆ, ಪೆಟ್ಟಿಗೆಗೆ ಇನ್ನೂರು ಬುಷ್, ಅರಕಲಗೂಡಿನ ಲಕ್ಕಯ್ಯನ ಗಾಡಿಯಲ್ಲಿ ಹೋಗುತ್ತಿದ್ದವು. ಈ ಆರು ಪೆಟ್ಟಿಗೆಗಳನ್ನು ಇಪ್ಪತ್ತೆರಡು ವರ್ಷ ತುಂಬಿ ಕಳಿಸಿದವರು ಷಡಕ್ಷರಪ್ಪನವರು.

ಊರು ದುದ್ದ. ಅವರಪ್ಪನ ದಿನಸಿ ಅಂಗಡಿ ಬಸ್ ನಿಲ್ದಾಣದ ಎದುರಿಗೇ ಇತ್ತು. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಕೂತು, ಎರಡು ಸಲವೂ ಗಣಿತದಲ್ಲೇ ಹೋಗಿ, ಕೊನೆಗೆ ಎಣಿಸುವ ಕೆಲಸಕ್ಕೇ ಸೇರಿದರು. ಈ ಮಾತನ್ನು ಹೇಳಿಕೊಂಡು ಅವರೇ ನಗುತ್ತಿದ್ದರು. ಬೆಳಿಗ್ಗೆ ಏಳೂ ಮುಕ್ಕಾಲರ ಬಸ್ಸಿಗೆ ಹತ್ತಿ ಎಂಟೂವರೆಗೆ ಕಾರ್ಖಾನೆಯಲ್ಲಿರುತ್ತಿದ್ದರು. ಹಣೆಗೆ ವಿಭೂತಿ, ಜೇಬಿನಲ್ಲಿ ನೀಲಿ ಇಂಕಿನ ಪೆನ್ನು, ಕೈಯಲ್ಲಿ ಹೆಂಡತಿ ಶಿವಗಂಗಮ್ಮ ಕಟ್ಟಿಕೊಟ್ಟ ಬುತ್ತಿ. ಎತ್ತರದ ಆಸಾಮಿ, ಆದರೆ ಬಗ್ಗಿ ಬಗ್ಗಿ ಎಣಿಸಿ ಬೆನ್ನು ಸ್ವಲ್ಪ ಗೂನಾಗಿತ್ತು.

ಅವರು ಎಣಿಸುವುದನ್ನು ನೋಡಬೇಕು. ಕೈಗೆ ಐದರಂತೆ ಎತ್ತಿ ಪೆಟ್ಟಿಗೆಗೆ ಹಾಕುವಾಗ ಮೊದಲ ಕೈಗೆ ‘ಒಂದು’ ಎನ್ನುತ್ತಿರಲಿಲ್ಲ, ‘ಲಾಭ’ ಎನ್ನುತ್ತಿದ್ದರು. ರಾಗಿ ಅಳೆಯುವವರ ರೂಢಿ. ಲಾಭ, ಎರಡು, ಮೂರು ಎಂದು ನಲವತ್ತು ಕೈ ಮುಗಿಸಿದರೆ ಇನ್ನೂರು. ಆಮೇಲೂ ಕೈ ನಿಲ್ಲುತ್ತಿರಲಿಲ್ಲ. ಪಕ್ಕದ ರಾಶಿಗೆ ಹೋಗಿ ಇನ್ನೆರಡು ಬುಷ್ ತಂದು ಮೇಲೆ ಇಟ್ಟು, ಆಮೇಲೆ ಮುಚ್ಚಳ ಹಾಕುತ್ತಿತ್ತು. ಆ ಎರಡು ಕೊಸರು. ಅವರಪ್ಪನ ಅಂಗಡಿಯಲ್ಲಿ ಸೇರು ಕಡಲೆ ತೂಗಿದ ಮೇಲೆ ಒಂದು ಹಿಡಿ ಹಾಕುತ್ತಿದ್ದರಲ್ಲ, ಅದೇ ಕೊಸರು. ಮಾಲಿನ ಜೊತೆ ಹೋಗುವ ಚಲನ್ನಿನಲ್ಲಿ ಇನ್ನೂರು ಎಂದೇ ಬರೆಯುತ್ತಿದ್ದರು. ಅದರ ತಲೆಯ ಮೇಲೆ ಒಂದು ‘ಶ್ರೀ’.

ನಾನು ಕಾರ್ಖಾನೆಗೆ ಸೇರಿದ್ದು ತೊಂಬತ್ತೊಂಬತ್ತರಲ್ಲಿ. ಆ ವರ್ಷ ಸುಮೇರು ಕಂಪನಿಯಿಂದ ಎಲ್ಲ ಪೂರೈಕೆದಾರರಿಗೂ ಒಂದು ಕಾಗದ ಬಂತು. ಮುಂದಿನ ಏಪ್ರಿಲ್‌ನಿಂದ ಆರ್ಡರ್, ಚಲನ್ ಯಾವುದೂ ಕಾಗದದಲ್ಲಿ ನಡೆಯುವುದಿಲ್ಲ. ಅವರ ಕಂಪ್ಯೂಟರ್ ನಮ್ಮ ಕಂಪ್ಯೂಟರಿಗೆ ಆರ್ಡರ್ ಕಳಿಸುತ್ತದೆ. ಗಾಡಿ ಹೊರಡುವ ಮೊದಲು ನಮ್ಮದು ಅವರದಕ್ಕೆ ಇಂಥ ಮಾಲು, ಇಷ್ಟು ಪೆಟ್ಟಿಗೆ, ಇಷ್ಟು ಸಂಖ್ಯೆ, ಬಿಡಿ ಒಂದರ ತೂಕ ಇಷ್ಟು ಎಂದು ಮುಂಗಡ ಸುದ್ದಿ ಮುಟ್ಟಿಸಬೇಕು. ಗಾಡಿ ಗೇಟಿಗೆ ಬಂದಾಗ ಅಲ್ಲಿನ ತೂಕದ ಯಂತ್ರ ಪೆಟ್ಟಿಗೆ ತೂಗಿ, ಸುದ್ದಿಗೂ ತೂಕಕ್ಕೂ ತಾಳೆ ನೋಡಿ, ಸರಿಯಿದ್ದರೆ ಹಸಿರು ದೀಪ ಹಾಕುತ್ತದೆ. ಇದಕ್ಕೆ ಇಡಿಐ ಎಂದು ಹೆಸರು. ಒಪ್ಪದ ಪೂರೈಕೆದಾರರಿಗೆ ಆರ್ಡರ್ ಇಲ್ಲ.

ಅಮರನಾಥ್ ಹೌಹಾರಿದರು. ಅವರ ಕಾರ್ಖಾನೆಯಲ್ಲಿ ಆಗ ಇದ್ದ ಅತಿ ದೊಡ್ಡ ಎಲೆಕ್ಟ್ರಾನಿಕ್ ವಸ್ತುವೆಂದರೆ ಗೋಡೆ ಗಡಿಯಾರ. ಹೊಳೆನರಸೀಪುರದಲ್ಲಿ ಮಕ್ಕಳಿಗೆ ಕಂಪ್ಯೂಟರ್ ಪಾಠ ಹೇಳುತ್ತಿದ್ದ ನನ್ನನ್ನು ಹುಡುಕಿ ಕರೆಸಿಕೊಂಡರು. ನಾನು ಮೇಷ್ಟರ ಮನೆತನದವನು, ಹೆಸರು ಪ್ರದ್ಯುಮ್ನ, ವಯಸ್ಸು ಇಪ್ಪತ್ತಾರು. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದ ಎನ್ನುತ್ತಾರಲ್ಲ, ಹಾಗೆ ಮೊದಲ ವಾರವೇ ಕಂಪ್ಯೂಟರ್ ಕೋಣೆಗೆ ಗಾಜಿನ ಬಾಗಿಲು ಹಾಕಿಸಿ, ಚಪ್ಪಲಿ ಹೊರಗೆ ಬಿಡಬೇಕು ಎಂದು ಬೋರ್ಡು ಬರೆಸಿದೆ.

ಷಡಕ್ಷರಪ್ಪನವರು ಚಪ್ಪಲಿ ಬಿಟ್ಟು, ಗರ್ಭಗುಡಿಗೆ ಬಂದವರ ಹಾಗೆ ಬಾಗಿಲಲ್ಲೇ ನಿಂತರು. ನಾನು ಪರದೆಯ ಮೇಲೆ ಚಲನ್ನಿನ ಫಾರಂ ತೋರಿಸಿದೆ. ಬಹಳ ಹೊತ್ತು ನೋಡಿದರು.

“ಅಂಗಾರೆ ಗಾಡಿಗಿಂತ ಮುಂಚೆ ಮಾತು ಓಯ್ತದೆ ಅನ್ನಿ.”

“ಹೌದು. ನೀವು ಎಷ್ಟು ತುಂಬಿದ್ರಿ ಅಂತ ಗಾಡಿ ಇಲ್ಲಿಂದ ಹೊರಡೋ ಮುಂಚೆನೇ ಅವರಿಗೆ ಗೊತ್ತಾಗಿರುತ್ತೆ.”

“ಒಳ್ಳೇದೇ ಆಯ್ತು ಬಿಡಿ. ಸ್ವಾಮಿ, ಇದ್ರಲ್ಲಿ ಶ್ರೀ ಎಲ್ಲಾಕ್ತೀರಿ?”

“ಶ್ರೀಗೆ ಜಾಗ ಇಲ್ಲ ಷಡಕ್ಷರಪ್ಪನೋರೆ.”

“ಇಷ್ಟಗಲ ಪರದೆ ಐತೆ, ಒಂದು ಶ್ರೀಗೆ ಜಾಗ ಇಲ್ವಾ!” ಎಂದು ನಕ್ಕು ಹೊರಗೆ ಹೋದರು. ಅವರು ಯಂತ್ರದ ವಿರೋಧಿ ಎಂದು ಆಮೇಲೆ ಕಥೆ ಕಟ್ಟಿದವರಿದ್ದಾರೆ. ಸುಳ್ಳು. ಮೋಡೆಮ್ ಕಿರುಗುಟ್ಟುತ್ತ ಬೆಂಗಳೂರಿನ ಲೈನು ಹಿಡಿಯುವಾಗ ಬಾಗಿಲ ಬಳಿ ಬಂದು ನಿಂತು ಕೇಳುತ್ತಿದ್ದರು. ಸಿಕ್ಕಿತು ಎಂದರೆ ನನಗಿಂತ ಅವರಿಗೇ ಹೆಚ್ಚು ಖುಷಿ.

ಏಪ್ರಿಲ್ ಬಂತು. ಮೊದಲ ಗಾಡಿ ಹೊರಟ ದಿನ ಅಮರನಾಥ್ ಕಂಪ್ಯೂಟರಿಗೆ ಹೂವು ಮುಡಿಸಿ ತೆಂಗಿನಕಾಯಿ ಒಡೆಸಿದರು. ನಾನು ಗುಂಡಿ ಒತ್ತಿದೆ. ಸುದ್ದಿ ಹೋಯಿತು: ಆರು ಪೆಟ್ಟಿಗೆ, ಸಾವಿರದ ಇನ್ನೂರು ಬುಷ್. ಮಾರನೆಯ ದಿನ ಅಲ್ಲಿಂದ ಮರು ಸುದ್ದಿ ಬಂತು. ತೂಕ ತಾಳೆಯಾಗುತ್ತಿಲ್ಲ, ಗಾಡಿ ತಡೆಹಿಡಿಯಲಾಗಿದೆ.

ಲಕ್ಕಯ್ಯ ಒಂದೂವರೆ ದಿನ ಗೇಟಿನ ಮುಂದೆ ಗಾಡಿಯಲ್ಲೇ ಕೂತಿದ್ದು, ಯಾವನೋ ಅಧಿಕಾರಿ ಸಹಿ ಹಾಕಿ ಒಳಗೆ ಬಿಟ್ಟ ಮೇಲೆ ವಾಪಸು ಬಂದ. ನೇರ ಗಾಜಿನ ಬಾಗಿಲಿಗೆ ಬಂದ, ಚಪ್ಪಲಿ ಸಮೇತ.

“ಏನ್ ಸಾ, ನಾನೇನ್ ಕಳ್ಮಾಲು ತಗಂಡೋಗಿದ್ನಾ? ಕೆಂಪು ದೀಪ ಆಕ್ಬುಟ್ಟು ಆಚೆಗೆ ನಿಲ್ಲಿಸ್ಬುಟ್ರು. ಇಷ್ಟು ವರ್ಸದಾಗೆ ಇಂಗಾಗಿರ್ಲಿಲ್ಲ ಕಣ್ ಸಾ.”

ತಪ್ಪು ಎಲ್ಲಿದೆ ಎಂದು ನಾನು ಪ್ರೋಗ್ರಾಮಿನಲ್ಲಿ ಹುಡುಕಿದೆ. ಪೆಟ್ಟಿಗೆಗೆ ಮುನ್ನೂರು ಗ್ರಾಂ ಹೆಚ್ಚು ಬರುತ್ತಿದೆ ಎಂದು ಅವರ ಸುದ್ದಿಯಲ್ಲಿತ್ತು. ಬುಷ್ಷಿನ ತೂಕವನ್ನೇ ನಾವು ತಪ್ಪಾಗಿ ಕೊಟ್ಟಿರಬೇಕು ಎಂದುಕೊಂಡು, ಎರಡನೆಯ ಸಲ ಬಿಡಿ ತೂಕವನ್ನು ಒಂದೂವರೆ ಗ್ರಾಂ ಏರಿಸಿ ಕಳಿಸಿದೆ. ಬಿಡಿ ತೂಕ ನೂರೈವತ್ತು ಎಂದು ಅವರ ಕಂಪ್ಯೂಟರಿನಲ್ಲಿ ಮೊದಲೇ ಬರೆದಿತ್ತು; ಅದು ನನ್ನ ಸುದ್ದಿಯನ್ನು ಗಾಡಿ ತಲುಪುವ ಮೊದಲೇ ತಿರಸ್ಕರಿಸಿತು. ಮೂರನೆಯ ಸಲ ತೂಕವನ್ನು ಹಿಂದಿನಂತೆ ಮಾಡಿ ಮೋಡೆಮ್ ಬದಲಿಸಿದೆ. ಮತ್ತೆ ಕೆಂಪು ದೀಪ. ಈ ಸಲ ಗಾಡಿಯ ಹಿಂದೆಯೇ ನೋಟೀಸು ಬಂತು: ಇನ್ನೊಮ್ಮೆ ಹೀಗಾದರೆ ನಿಮ್ಮ ಪೂರೈಕೆದಾರ ಸಂಖ್ಯೆ ರದ್ದು.

ಸಂಖ್ಯೆ ರದ್ದಾದರೆ ಕಾರ್ಖಾನೆ ಮುಚ್ಚಿದ ಹಾಗೆಯೇ. ಬೇರೆ ಗಿರಾಕಿ ಇರಲಿಲ್ಲ.

ನಾಲ್ಕನೆಯ ಗಾಡಿಗೆ ಪೆಟ್ಟಿಗೆಗಳು ಸಿದ್ಧವಾಗಿದ್ದವು. ನಾನು ಒಂದನ್ನು ಬಿಚ್ಚಿಸಿ ನೆಲದ ಮೇಲೆ ಸುರಿದು ಎಣಿಸಿದೆ. ಇನ್ನೂರಾ ಎರಡು. ಮತ್ತೊಂದು ಬಿಚ್ಚಿಸಿದೆ. ಇನ್ನೂರಾ ಎರಡು. ಪಕ್ಕದಲ್ಲಿ ನಿಂತ ಷಡಕ್ಷರಪ್ಪನವರ ಮುಖದಲ್ಲಿ ತಪ್ಪು ಮಾಡಿದ ಕಳೆಯೇ ಇರಲಿಲ್ಲ.

“ಅದು ಕೊಸರು ಅಲ್ವಾ ಸ್ವಾಮಿ” ಎಂದರು.

“ಕೊಸರು ಹಾಕಿದೀರಿ ಅಂತ ನನಗೆ ಹೇಳಬಾರದಾ? ಇನ್ನೂರಾ ಎರಡು ಅಂತಾದ್ರೂ ಬರೀತಿದ್ದೆನಲ್ಲ.”

“ಅಲ್ಲಾ, ಕೊಸರ್ನ ಯಾರಾದ್ರೂ ಚೀಟೀಲಿ ಬರೀತಾರಾ? ಬರುದ್ರೆ ಅದು ಕೊಸರಾಯ್ತದಾ?”

ಈ ಮಾತು ನನಗೆ ಅರ್ಥವಾಗಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ನಮ್ಮಮ್ಮ ಹೊಳೆನರಸೀಪುರದ ಪೇಟೆಯಲ್ಲಿ ಕೊಸರು ಕೇಳದೆ ಯಾವ ಅಂಗಡಿಯ ಮೆಟ್ಟಿಲನ್ನೂ ಇಳಿದವಳಲ್ಲ. ಕೊತ್ತಂಬರಿ ಸೊಪ್ಪಿಗೆ ಎರಡು ಕಡ್ಡಿ, ಬೇಳೆಗೆ ಒಂದು ಹಿಡಿ. ಕೇಳಲು ನಾಚಿದರೆ ನನ್ನನ್ನೇ ಬೈಯುತ್ತಿದ್ದಳು. ಎಲ್ಲ ಗೊತ್ತಿದ್ದೂ ನಾನು ಗಾಜಿನ ಕೋಣೆಯವನ ಹಾಗೆ ಮಾತಾಡಿದೆ. ಆರೂ ಪೆಟ್ಟಿಗೆಗಳಿಂದ ಎರಡೆರಡು ತೆಗೆಸಿ ನೋಡುವಷ್ಟು ಹೊತ್ತಿರಲಿಲ್ಲ, ಲೈನು ಸಿಗುವ ಸಮಯ ಮೀರುತ್ತಿತ್ತು. ನೀವೇ ತೆಗೆದುಬಿಡಿ, ಲೆಕ್ಕ ಇನ್ನೂರಕ್ಕೆ ನಿಲ್ಲಬೇಕು ಎಂದು ಹೇಳಿ ಸುದ್ದಿ ಕಳಿಸಲು ಹೋದೆ. ಆಯ್ತು ಸ್ವಾಮಿ ಎಂದರು.

ಆ ಗಾಡಿಯೂ ಗೇಟಿನಲ್ಲಿ ನಿಂತಿತು. ಪೆಟ್ಟಿಗೆಗೆ ನೂರೈವತ್ತು ಗ್ರಾಂ ಹೆಚ್ಚು.

ನಾನು ಪ್ಯಾಕಿಂಗ್ ಮೇಜಿಗೆ ಓಡಿದೆ. ಅವರು ನನ್ನ ಮುಖ ನೋಡಿ ತಾವೇ ಹೇಳಿದರು:

“ಎಳ್ಡು ಬ್ಯಾಡ ಅಂದ್ರಲ್ಲ ಸ್ವಾಮಿ. ಒಂದಾಕ್ದೆ.”

“ಒಂದೂ ಬೇಡ ಷಡಕ್ಷರಪ್ಪನೋರೆ! ಒಂದೂ!”

“ಬರೀ ಲೆಕ್ಕಕ್ಕೆ ಮುಚ್ಚಳ ಆಕದು ನನ್ ಕೈಲಾಗಕಿಲ್ಲ ಕಣಪ್ಪ. ಕೈ ಎಳೀತದೆ. ನಮ್ಮಪ್ಪ ಯಾವತ್ತೂ ತಕ್ಕಡಿ ನೆಟ್ಟಗೆ ನಿಲ್ಸಿ ಪೊಟ್ಲ ಕಟ್ಟಿದ್ನ ನಾ ಕಾಣೆ. ಗಿರಾಕಿ ಕಡೀಕೆ ಒಂದೀಟು ಬಗ್ಗಬೇಕು. ಬಗ್ಗದೆ ಓದ್ರೆ ಅವನು ತಿರುಗಿ ಯಾಕ್ ಬಂದಾನು?”

ಅಮರನಾಥ್ ತಾವೇ ಹೋಗಿ ಸುಮೇರುವಿನ ಅಧಿಕಾರಿಗಳ ಕೈಕಾಲು ಹಿಡಿದು ಕೊನೆಯದೊಂದು ಅವಕಾಶ ಪಡೆದು ಬಂದರು. ಬಂದವರ ಎದುರು ಕೂತು ನಾನು ಹೇಳಿದೆ, ಡಿಸ್ಪ್ಯಾಚಿನಲ್ಲಿ ಅವರಿರಬೇಕು ಇಲ್ಲವೇ ನಾನಿರಬೇಕು. ಮುಂದಿನ ಗಾಡಿಗೆ ನಾನು ಹೊಣೆಯಲ್ಲ.

“ನಮ್ಮಪ್ಪನ ಕಾಲದಿಂದ ಹಾಕ್ತಾ ಇದ್ರು ಕಣ್ರಿ. ನಾನು ಮರೆತೇಬಿಟ್ಟಿದ್ದೆ” ಎಂದು ಅಮರನಾಥ್ ತಲೆ ಮೇಲೆ ಕೈ ಹೊತ್ತರು. “ಅವರಿಗೆ ಹೇಗೆ ಹೇಳಲಿ?”

“ನಲವತ್ತಮೂರು ಜನದ ವಿಚಾರ ಸಾರ್” ಎಂದೆ. ಒಬ್ಬರನ್ನು ಬೀಳಿಸಲು ನಲವತ್ತಮೂರು ಜನರನ್ನು ಹಿಂದೆ ನಿಲ್ಲಿಸಿಕೊಂಡರೆ ಮಾತಿಗೆ ತೂಕ ಬರುತ್ತದೆ. ಮೂರು ಗಾಡಿ ನಿಂತಾಗ ನನ್ನ ಪ್ರೋಗ್ರಾಮಿನಲ್ಲಿ ನಾನು ಮಾಡಿದ ಗೊಂದಲವನ್ನು ಆ ಹೊತ್ತಿನಲ್ಲಿ ಎತ್ತಲಿಲ್ಲ. ಮೊಸರು ತಿಂದ ಕೋತಿ ಮೇಕೆಯ ಮೂತಿಗೆ ಒರೆಸಿತು.

ಷಡಕ್ಷರಪ್ಪನವರನ್ನು ಗೇಟಿಗೆ ಹಾಕಿದರು. ಬಂದವರ ಹೆಸರು ಬರೆದುಕೊಳ್ಳುವ ಕೆಲಸ. ನಮ್ಮ ಕಾರ್ಖಾನೆಗೆ ದಿನಕ್ಕೆ ನಾಲ್ಕು ಜನ ಬಂದರೆ ಹೆಚ್ಚು. ಐದು ದಿನ ಸ್ಟೂಲಿನ ಮೇಲೆ ಕೂತರು, ಆರನೆಯ ದಿನ ರಾಜೀನಾಮೆ ಬರೆದು ತಂದರು. ತಲೆಯ ಮೇಲೆ ‘ಶ್ರೀ’ ಇತ್ತು. ಅಮರನಾಥ್ ಬೇಡವೆಂದರೂ ಕೇಳಲಿಲ್ಲ. ಗಾಜಿನ ಬಾಗಿಲ ಹತ್ತಿರ ಚಪ್ಪಲಿ ಬಿಟ್ಟು ಒಳಗೆ ಬಂದು, ಪ್ಯಾಕಿಂಗ್ ಕೋಣೆಯ ಬೀಗದ ಕೈಯನ್ನು ನನ್ನ ಮೇಜಿನ ಮೇಲಿಟ್ಟರು.

“ಬತ್ತೀನಿ ಸ್ವಾಮಿ. ನಿಮ್ದೂ ತಪ್ಪಿಲ್ಲ.”

ಆ ದಿನ ನನಗೆ ಬೇಸರವಾಗಲಿಲ್ಲ. ಗೆದ್ದೆ ಎಂದೇ ಅನ್ನಿಸಿತು.

ಅವರ ಜಾಗಕ್ಕೆ ಕೆಂಚಯ್ಯ ಬಂದ. ಇನ್ನೂರು ಎಂದರೆ ಇನ್ನೂರು. ಅದರ ಮೇಲೆ ಒಂದು ಕಸಕಡ್ಡಿಯೂ ಬೀಳುತ್ತಿರಲಿಲ್ಲ. ಗೇಟಿನಲ್ಲಿ ಹಸಿರು ದೀಪ, ಮತ್ತೆ ಹಸಿರು ದೀಪ. ಮೂರು ತಿಂಗಳಲ್ಲಿ ಸುಮೇರುವಿನಿಂದ ನಮಗೆ ಒಂದು ಪ್ರಶಸ್ತಿಪತ್ರವೂ ಬಂತು. ಅಮರನಾಥ್ ಅದಕ್ಕೆ ಚೌಕಟ್ಟು ಹಾಕಿಸಿ ಅವರ ತಂದೆಯ ಫೋಟೋದ ಪಕ್ಕ ತೂಗುಹಾಕಿದರು.

ನಾಲ್ಕನೆಯ ತಿಂಗಳು ಒಂದು ದೂರು ಬಂತು. ಈ ಸಲ ಬುಷ್ ಕಡಿಮೆ ಬಿದ್ದಿವೆ, ಮೂರು ಟ್ರ್ಯಾಕ್ಟರುಗಳು ಮುಂದಿನ ಗಾಲಿಯಿಲ್ಲದೆ ನಿಂತಿವೆ, ಕಾರಣ ಹೇಳಿ. ನಾನು ನಮ್ಮ ಸುದ್ದಿ ತೆಗೆದು ನೋಡಿದೆ: ಸಾವಿರದ ಇನ್ನೂರು ಕಳಿಸಿದೆ. ಅವರ ಸುದ್ದಿ ನೋಡಿದೆ: ಸಾವಿರದ ಇನ್ನೂರು ಬಂದಿದೆ, ತೂಕ ಸರಿಯಾಗಿದೆ. ಅಷ್ಟು ಬುಷ್ಷಿಗೆ ಮುನ್ನೂರು ಟ್ರ್ಯಾಕ್ಟರ್ ಆಗಬೇಕು. ಇನ್ನೂರ ತೊಂಬತ್ತೇಳು ಆಗಿವೆ. ಮುಂದಿನ ಹದಿನೈದು ದಿನಕ್ಕೆ ಇನ್ನೂ ಮೂರು ನಿಂತವು. ಅದರ ಮುಂದಿನ ಸಲ ಮತ್ತೆ ಮೂರು. ಎರಡು ಕಂಪ್ಯೂಟರುಗಳಿಗೂ ಒಂದಕ್ಕೊಂದು ಪೂರ್ತಿ ಒಪ್ಪಿಗೆಯಿತ್ತು. ಒಪ್ಪದೆ ಅಂಗಳದಲ್ಲಿ ನಿಂತದ್ದು ಒಂಬತ್ತು ಟ್ರ್ಯಾಕ್ಟರುಗಳು ಮಾತ್ರ. ಗೇಟು ದಾಟಿದ ಮೇಲೆ ನಿಮ್ಮ ಮಾಲಿಗೆ ಏನಾಗುತ್ತಿದೆ ಎಂದು ಬಂದು ವಿವರಿಸಿ, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಸುಮೇರುವಿನವರು ಬರೆದರು. ಅವರ ಗೇಟು ದಾಟಿದ ಮೇಲೆ ಏನಾಗುತ್ತದೆಂದು ನಾವು ವಿವರಿಸಬೇಕಂತೆ! ದೊಡ್ಡವರ ಮಾತು, ಹೋದೆ.

ಅಸೆಂಬ್ಲಿ ಸಾಲಿನಲ್ಲಿ ಅರ್ಧ ದಿನ ನಿಂತರೂ ನನಗೆ ಏನೂ ಹೊಳೆಯಲಿಲ್ಲ. ಊಟದ ಹೊತ್ತಿಗೆ ಸ್ಟೋರಿನ ಹಿಂಬದಿಯಲ್ಲಿ ಒಬ್ಬ ಹಿರಿಯರು ಕೂತು ಬುತ್ತಿ ಬಿಚ್ಚುತ್ತಿದ್ದರು. ಹೆಸರು ಪರಮಶಿವಯ್ಯ. ಇಪ್ಪತ್ತು ವರ್ಷಕ್ಕೂ ಮೇಲೆ ಗೇಟಿನಲ್ಲಿ ಮಾಲು ಎಣಿಸಿ ಇಳಿಸಿಕೊಂಡವರು. ತೂಕದ ಯಂತ್ರ ಬಂದ ಮೇಲೆ ಅವರನ್ನು ಇಲ್ಲಿಗೆ ತಳ್ಳಿದ್ದರು. ಹಾಸನದಿಂದ ಬಂದವನು, ಬುಷ್ಷಿನವನು ಎಂದು ತಿಳಿದದ್ದೇ ಊಟ ಬಿಟ್ಟು ಎದ್ದರು.

“ಷಡಕ್ಷರಪ್ಪ ಅರಾಮವ್ರಾ?”

“ಅವರು ನಿಮಗೆ ಗೊತ್ತಾ?”

“ಚಲನ್ನಾಗೆ ಸೈನು ನೋಡಿದೀನಿ ಅಷ್ಟೆಯಾ, ಮಕ ನೋಡಿಲ್ಲ. ಮ್ಯಾಲೆ ಒಂದು ಶ್ರೀ ಆಕೋರು. ಎಂಗವ್ರೆ? ಉದ್ದಕ್ಕವ್ರಾ, ಗಿಡ್ಡಕ್ಕವ್ರಾ?”

ಉದ್ದಕ್ಕಿದ್ದಾರೆ ಎಂದೆ. ಅವರು ಬೀರುವಿನ ಕೆಳಗಿನಿಂದ ಒಂದು ಹಳೆಯ ಬಿಸ್ಕತ್ ಡಬ್ಬ ಎಳೆದು ನನ್ನ ಮುಂದಿಟ್ಟು ಮುಚ್ಚಳ ತೆಗೆದರು. ಖಾಲಿ. ತಳದಲ್ಲಿ ಎಣ್ಣೆ ಜಿಡ್ಡಿನ ದುಂಡು ದುಂಡು ಗುರುತುಗಳಿದ್ದವು.

ಅವರು ಹೇಳಿದ್ದು ಇಷ್ಟು. ಬುಷ್ಷನ್ನು ಅಚ್ಚಿಗೆ ಸುತ್ತಿಗೆಯಲ್ಲಿ ಬಡಿದು ಕೂರಿಸುತ್ತಾರೆ. ನೂರು ಬಡಿದರೆ ಒಂದು ಸೊಟ್ಟಗಾಗುತ್ತದೆ, ಇಲ್ಲವೇ ಕೈಜಾರಿ ಸಾಲಿನ ಕೆಳಗಿನ ಗುಂಡಿಗೆ ಉರುಳುತ್ತದೆ. ಅದಕ್ಕೆ ಬದಲು ಬೇಕೆಂದರೆ ಚೀಟಿ ಬರೆದು, ಮೂರು ಸಹಿ ಮಾಡಿಸಿ, ಬೈಸಿಕೊಳ್ಳಬೇಕು. ಹಾಗಾಗಿ ಕೆಲಸಗಾರರು ಪರಮಶಿವಯ್ಯನವರ ಹತ್ತಿರ ಬರುತ್ತಿದ್ದರು, ಅವರು ಈ ಡಬ್ಬದಿಂದ ಒಂದು ತೆಗೆದು ಕೊಡುತ್ತಿದ್ದರು. ಡಬ್ಬಕ್ಕೆ ಬುಷ್ ಬರುತ್ತಿದ್ದದ್ದು ಹಾಸನದ ಪೆಟ್ಟಿಗೆಗಳ ಮೇಲಿನ ಎರಡೆರಡು ಕೊಸರಿನಿಂದ. ಸೇರಿದ್ದು ಯಾರೂ ಬರೆಯಲಿಲ್ಲ, ಕೊಟ್ಟದ್ದೂ ಯಾರೂ ಬರೆಯಲಿಲ್ಲ. ಅದಕ್ಕೇ ಬರೆದದ್ದೆಲ್ಲ ಅಷ್ಟು ವರ್ಷ ಸರಿಯಾಗಿತ್ತು. ಕೊಸರು ನಿಂತ ಮೇಲೆ ಡಬ್ಬದಲ್ಲಿ ಉಳಿದದ್ದರಲ್ಲೇ ಮೂರು ತಿಂಗಳು ದೂಡಿದರು. ಆಮೇಲೆ ಟ್ರ್ಯಾಕ್ಟರುಗಳು ನಿಂತವು.

“ನಿಮ್ ಷಡಕ್ಷರಪ್ಪಂಗೆ ಏನಾರ ಕಾಯಿಲೆಯೇನೋ ಅನ್ಕಂಡಿದ್ದೆ” ಎಂದರು ಪರಮಶಿವಯ್ಯ. “ಇಲ್ದಿದ್ರೆ ಅವರ ಕೈ ಇಂಗೆ ಬಿಗಿಯಾಗ್ತಿರ್ಲಿಲ್ಲ.”

ಅವರ ಕೆಲಸ ಬಿಡಿಸಿದವನು ನಾನೇ ಎಂದು ಹೇಳಲು ನಾಚಿಕೆಯಾಯಿತು.

ಡಬ್ಬದ ಹೆಸರೆತ್ತಿದರೆ ಪರಮಶಿವಯ್ಯನವರಿಗೆ ತೊಂದರೆ ಎಂದು, ಜೋಡಣೆಯಲ್ಲಿ ನೂರಕ್ಕೊಂದು ಹಾಳಾಗುತ್ತದೆ ಎಂದಷ್ಟೇ ವರದಿ ಕೊಟ್ಟೆ. ಸುಮೇರುವಿನವರು ಒಂದು ದಿನ ಎಣಿಸಿ ನೋಡಿ ಒಪ್ಪಿಕೊಂಡರು. ಮುಂದಿನ ತಿಂಗಳಿನಿಂದ ಅವರ ಕಂಪ್ಯೂಟರ್ ನಮಗೆ ಸಾವಿರದ ಇನ್ನೂರಕ್ಕೆ ಬದಲು ಸಾವಿರದ ಇನ್ನೂರ ಹನ್ನೆರಡಕ್ಕೆ ಆರ್ಡರ್ ಕಳಿಸಿತು. ಹೆಚ್ಚಿನ ಹನ್ನೆರಡಕ್ಕೆ ‘ಜೋಡಣೆ ನಷ್ಟ’ ಎಂಬ ಹೆಸರು, ಒಂದು ಪ್ರತ್ಯೇಕ ಕೋಡ್, ಬೆಲೆ ಕೂಡ. ಪೆಟ್ಟಿಗೆಗೆ ಇನ್ನೂರಾ ಎರಡು. ಷಡಕ್ಷರಪ್ಪನವರ ಕೈ ಇಪ್ಪತ್ತೆರಡು ವರ್ಷ ಹಾಕಿದ್ದೂ ಅದೇ ಎರಡು.

ವರದಿ ಓದಿ ಅಮರನಾಥ್, “ಹೋಗಿ ಕರ್ಕೊಂಡು ಬನ್ನಿ. ನಾನು ಹೋದ್ರೆ ದಾಕ್ಷಿಣ್ಯಕ್ಕೆ ಬರ್ತಾರೆ. ನೀವು ಹೋದ್ರೆ ಮನಸ್ಸಿದ್ರೆ ಬರ್ತಾರೆ” ಎಂದರು.

ಭಾನುವಾರ ಬೆಳಿಗ್ಗೆ ದುದ್ದಕ್ಕೆ ಹೋದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಕೆಟ್ಟ ಮೇಲೆ ಬುದ್ಧಿ ಬಂತು ಎಂದು ನೇರವಾಗಿ ಹೇಳಿಬಿಡುವುದು, ಕೈ ಹಿಡಿದು ಕರೆಯುವುದು ಎಂದೆಲ್ಲ. ಅವರು ಅಪ್ಪನ ಹಳೆಯ ಅಂಗಡಿಯಲ್ಲೇ ಇದ್ದರು. ಗಲ್ಲಾದ ಹಿಂದೆ ಶಿವಗಂಗಮ್ಮ, ತಕ್ಕಡಿಯ ಹಿಂದೆ ಅವರು. ನನ್ನನ್ನು ನೋಡಿದ್ದೇ ಸಂತೋಷದಿಂದ ಎದ್ದು ಬೆಂಚು ಒರೆಸಿದರು.

“ಬನ್ನಿ ಬನ್ನಿ ಸ್ವಾಮಿ. ಲೇ, ಕಂಪ್ಯೂಟ್ರು ಸ್ವಾಮ್ಯೋರು ಬಂದವ್ರೆ, ಕಾಪಿ ಮಾಡು. ಲೈನು ಸಿಕ್ತದಾ ಈಗ ಚೆನ್ನಾಗಿ?”

ಲೈನು ಸಿಗುತ್ತದೆ ಎಂದೆ. ಕಾಫಿ ಕುಡಿಯುತ್ತ ಎಲ್ಲ ಹೇಳಿದೆ: ನಿಂತ ಟ್ರ್ಯಾಕ್ಟರುಗಳು, ಪರಮಶಿವಯ್ಯ, ಬಿಸ್ಕತ್ ಡಬ್ಬ. ಡಬ್ಬದ ಮಾತು ಬಂದಾಗ ಅವರು ಕೈಯಲ್ಲಿದ್ದ ಲೋಟ ಕೆಳಗಿಟ್ಟರು.

“ಅವರು ನನ್ ಮಕ ಕೇಳಿದ್ರಾ?”

“ಉದ್ದಕ್ಕಿದ್ದೀರೋ ಗಿಡ್ಡಕ್ಕಿದ್ದೀರೋ ಅಂತ ಕೇಳಿದ್ರು.”

“ನೋಡ್ದೇನೆ ಓಗ್ಬುಡ್ತೀವೇನೋ ಇಬ್ರೂವೆ” ಎಂದು ನಕ್ಕರು. ಕಣ್ಣು ಒದ್ದೆಯಾಗಿತ್ತು, ಮುಚ್ಚಿಡುವ ಗೋಜಿಗೂ ಹೋಗಲಿಲ್ಲ.

ಈಗ ಕಂಪನಿಯೇ ಇನ್ನೂರಾ ಎರಡು ಕೇಳುತ್ತಿದೆ, ನಿಮ್ಮ ಮೇಜು ಹಾಗೇ ಇದೆ, ಅಮರನಾಥರು ಕರೆಯುತ್ತಿದ್ದಾರೆ ಎಂದೆ. ತಪ್ಪಾಯಿತು ಎಂಬ ಮಾತನ್ನೂ ಹೇಳಿದೆ. ಆದರೆ ನನ್ನ ಬಾಯಿಂದ ಅದು ‘ಆಗ ಸಿಸ್ಟಂನಲ್ಲಿ ಅವಕಾಶ ಇರಲಿಲ್ಲ’ ಎಂಬ ಉದ್ದನೆಯ ವಾಕ್ಯದ ಬಾಲದಲ್ಲಿ ಬಂತು.

“ಆ ಎಳ್ಡಕ್ಕೂ ಬೆಲೆ ಕೊಡ್ತಾರಾ?”

“ಕೊಡ್ತಾರೆ.”

“ಸುದ್ದೀಲಿ ಬರೀತೀರಾ?”

“ಅದಕ್ಕೊಂದು ಕೋಡೇ ಇದೆ.”

“ಅಂಗಾರೆ ಅದು ಮಾಲು ಕಣಪ್ಪ. ಕೇಳಿ, ಬರ್ಕಂಡು, ಬೆಲೆ ಕೊಟ್ಟು ತಗಂಡ್ರೆ ಮಾಲು. ಒಳ್ಳೇದೇ ಆಯ್ತು, ಟ್ರ್ಯಾಕ್ಟ್ರು ನಿಲ್ಲಬಾರ್ದು. ಅದ್ನ ಎಣಿಸಾಕೆ ಕೆಂಚಯ್ಯ ಸಾಕು. ಅವನ ಕೈ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ತದೆ. ನಾನು ಬಂದ್ರೆ ಇನ್ನೂರಾ ಎಳ್ಡರ ಮ್ಯಾಲೂ ಎಳ್ಡಾಕ್ಬುಡ್ತೀನಿ. ಮತ್ತೆ ಕೆಂಪು ದೀಪ, ಮತ್ತೆ ನಿಮಗೆ ತಾಪತ್ರಯ.”

ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನಾನು ಕಾಲು ಹಿಡಿದು ತಿದ್ದಬಹುದಿತ್ತೋ ಏನೋ. ಅವರು ತಮ್ಮ ಕೈಯ ಗುಣ ತಾವೇ ಬಲ್ಲವರಾಗಿ, ಲೆಕ್ಕ ಹಾಕಿ, ಬರುವುದಿಲ್ಲ ಎಂದರು.

ಬರಿಗೈಯಲ್ಲಿ ಏಳಲು ಮನಸ್ಸಾಗಲಿಲ್ಲ. ಅರ್ಧ ಕೆಜಿ ಹುರಿಗಡಲೆ ಕೊಡಿ ಎಂದೆ. ಅಷ್ಟರಲ್ಲಿ ಒಬ್ಬ ಹೆಂಗಸು ಬಂದು ಕಾಲು ಕೆಜಿ ಅವಲಕ್ಕಿ ಕೇಳಿದಳು. ಅವಳಿಗೆ ಬಸ್ಸಿನ ಆತುರವಿತ್ತೆಂದು ಮೊದಲು ಅವಳಿಗೇ ತೂಗಿದರು. ತಕ್ಕಡಿ ಸಮಕ್ಕೆ ಬಂತು. ಅವರ ಕೈ ಮತ್ತೆ ಚೀಲಕ್ಕೆ ಹೋಗಿ ಒಂದು ಹಿಡಿ ತಂದು ಮೇಲೆ ಹಾಕಿತು. ಅವಳು ಅದನ್ನು ನೋಡಲೂ ಇಲ್ಲ, ಪೊಟ್ಟಣ ತೆಗೆದುಕೊಂಡು ಹೋದಳು.

ಆಮೇಲೆ ನನ್ನ ಹುರಿಗಡಲೆ. ಒಂದು ತಟ್ಟೆಗೆ ಅರ್ಧ ಕೆಜಿ ಕಲ್ಲು, ಇನ್ನೊಂದಕ್ಕೆ ಕಡಲೆ. ನನ್ನ ಕಡೆಯ ತಟ್ಟೆ ಒಂದು ಚೂರು ಬಗ್ಗಿತು. ಅವರು ಬಗ್ಗಿ ನೋಡಿ, ಎರಡು ಬೆರಳಲ್ಲಿ ನಾಲ್ಕಾರು ಕಾಳು ಹಿಂದಕ್ಕೆ ತೆಗೆದರು. ಮುಳ್ಳು ನೆಟ್ಟಗೆ ನಿಂತಿತು. ಮುಳ್ಳು ಅಲ್ಲಾಡುವುದು ಪೂರ್ತಿ ನಿಲ್ಲುವ ತನಕ ಕಾದು, ಪೊಟ್ಟಣ ಕಟ್ಟಿದರು.

ಶಿವಗಂಗಮ್ಮ ನೋಡುತ್ತಲೇ ಇದ್ದರು. “ಇದೇನು, ಕೊಸರಾಕ್ಲಿಲ್ವಲ್ಲ?” ಎಂದರು.

“ಅವರಿಗೆ ಬ್ಯಾಡ ಕಣೆ” ಎಂದರು ಷಡಕ್ಷರಪ್ಪನವರು, ದಾರ ಸುತ್ತುತ್ತ. “ಎಚ್ಚು ಕೊಟ್ರೆ ಅವರಿಗೆ ತೊಂದ್ರೆಯಾಯ್ತದೆ.”

ಅಣಕವಿರಲಿಲ್ಲ ಆ ಮಾತಿನಲ್ಲಿ. ನನಗೆ ತೊಂದರೆಯಾಗಬಾರದು ಎಂದು ನಿಜವಾಗಿಯೂ ಎಚ್ಚರ ವಹಿಸಿದ್ದರು. ಒಂದು ಹಿಡಿ ಹಾಕಿ ಷಡಕ್ಷರಪ್ಪನೋರೆ ಎಂದು ಕೈ ಚಾಚಿ ಕೇಳಿದ್ದರೆ ಹಾಕುತ್ತಿದ್ದರು. ನಮ್ಮಮ್ಮನಾಗಿದ್ದರೆ ಕೇಳುತ್ತಿದ್ದಳು. ನನ್ನ ಬಾಯಿ ಏಳಲಿಲ್ಲ.

ಬಸ್ಸು ಬಂತು. ಒಂದು ಕಾಳು ಹೆಚ್ಚಿಲ್ಲದ, ಒಂದು ಕಾಳು ಕಡಿಮೆಯಿಲ್ಲದ ಅರ್ಧ ಕೆಜಿ ಹುರಿಗಡಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹಾಸನಕ್ಕೆ ಬಂದೆ.